ಡೈಮಂಡ್ ಎಲೆಕ್ಟ್ರೋಡ್ ಮೇಲೆ ಮ್ಯಾಂಗನೀಸ್ ಆಕ್ಸಿಡೇಶನ್, ನನಗೆ ಅರ್ಥ ಆದಷ್ಟು

ನನ್ನ ತಲೆ ಮೊದಲು ಕೆಟ್ಟಿದ್ದು ಪೊಟೆನ್ಶಿಯಲ್ ಟೇಬಲ್ ನೋಡಿ, ಅಂದ್ರೆ ಯಾವುದನ್ನ ಆಕ್ಸಿಡೈಸ್ ಮಾಡೋಕೆ (ಎಲೆಕ್ಟ್ರಾನ್ ಕಿತ್ಕೊಳ್ಳೋಕೆ) ಎಷ್ಟು ವೋಲ್ಟ್ ಬೇಕು ಅನ್ನೋ ಪಟ್ಟಿ. ನೀರಿಂದ ಆಕ್ಸಿಜನ್ ಬರೋಕೆ 1.23 ವೋಲ್ಟ್ ಸಾಕು, ಎರಡು ಎಲೆಕ್ಟ್ರಾನ್ ಕಳ್ಕೊಂಡಿರೋ ಮ್ಯಾಂಗನೀಸ್ ಅಯಾನ್, ಅಂದ್ರೆ ಮ್ಯಾಂಗನೀಸ್ ಟೂ ಪ್ಲಸ್, ಪರ್ಮ್ಯಾಂಗನೇಟ್ ಆಗೋಕೆ 1.51 ಬೇಕು, ಸಿಲ್ವರ್ ಒನ್ ಪ್ಲಸ್ ಟೂ ಪ್ಲಸ್ ಆಗೋಕಂತೂ 1.98. ಹಾಗಿದ್ರೆ ನೀರಲ್ಲೇ ಕರಗಿರೋ ಈ ಅಯಾನ್‌ಗಳ ಸರದಿ ಬರೋದಾದ್ರೂ ಯಾವಾಗ, ಕರೆಂಟೆಲ್ಲಾ ನೀರೇ ನುಂಗ್ಬೇಕಲ್ವಾ?

ಟೇಬಲ್ ಹೇಳೋದು ಯಾವುದು ಆಗಬಹುದು ಅಂತ, ಎಷ್ಟು ಬೇಗ ಆಗುತ್ತೆ ಅಂತ ಅಲ್ಲ. ಪ್ಲಾಟಿನಮ್ ಮೇಲೆ ಆಸಿಡ್‌ನಲ್ಲಿ 1.6 ವೋಲ್ಟ್ ಹತ್ರಾನೇ ಆಕ್ಸಿಜನ್ ಗುಳ್ಳೆ ಶುರು. ಬೋರಾನ್ ಸೇರಿಸಿದ ಡೈಮಂಡ್, ಅಂದ್ರೆ ಬಿಡಿಡಿ, ಸುಮಾರು 2.3 ತನಕ ತೆಪ್ಪಗೆ ಕೂತಿರುತ್ತೆ, ಯಾಕಂದ್ರೆ ಆಕ್ಸಿಜನ್ ಆಗೋ ದಾರೀಲಿ ಹುಟ್ಟೋ ತುಣುಕುಗಳು ಅದರ ಮೇಲ್ಮೈಗೆ ಸರಿಯಾಗಿ ಅಂಟ್ಕೊಳ್ಳೋದೇ ಇಲ್ಲ. ಸೋಮಾರಿ ಎಲೆಕ್ಟ್ರೋಡ್ ಅಂತ ನೆನಪಿಟ್ಕೊಳ್ಳಿ, ಅದರ ಸೋಮಾರಿತನಾನೇ ನಮಗೆ ಲಾಭ, ನೀರು ಕರೆಂಟ್ ನುಂಗೋ ಮುಂಚೆ ಅಯಾನ್‌ಗಳ ಸರದಿ ಬರುತ್ತೆ. (ಉಂಗುರದ ವಜ್ರ ಅಲ್ಲ ಇದು, ಮೀಥೇನ್ ಹೈಡ್ರೋಜನ್ ಗ್ಯಾಸಿಂದ ಸಿಲಿಕಾನ್ ಅಥವಾ ನಯೋಬಿಯಮ್ ಮೇಲೆ ಬೆಳೆಸಿದ ಕಪ್ಪು ಪದರ, ಕಾರ್ಬನ್ ಜಾಗದಲ್ಲಿ ಒಂದು ಎಲೆಕ್ಟ್ರಾನ್ ಕಮ್ಮಿ ಇರೋ ಬೋರಾನ್ ಕೂತಿರೋದ್ರಿಂದ ಕರೆಂಟ್ ಹರಿಯುತ್ತೆ.)

ಈಗ ಅಯಾನ್ ಎಲೆಕ್ಟ್ರಾನ್ ಕಳ್ಕೊಳ್ಳೋದು ಹೇಗೆ? ಒಂದು, ನೇರವಾಗಿ ಎಲೆಕ್ಟ್ರೋಡ್‌ಗೇ ಕೊಟ್ಟು ಮ್ಯಾಂಗನೀಸ್ ತ್ರೀ ಪ್ಲಸ್ ಆಗೋದು. ಇನ್ನೊಂದು, ವೋಲ್ಟೇಜ್ ಇನ್ನೂ ಏರಿಸಿದ್ರೆ ನೀರಿಂದಲೇ ಹೈಡ್ರಾಕ್ಸಿಲ್ ರ್ಯಾಡಿಕಲ್ (ಒಂಟಿ ಎಲೆಕ್ಟ್ರಾನ್ ಇರೋ OH ತುಣುಕು) ಹುಟ್ಟುತ್ತೆ, ಅದರ ಪೊಟೆನ್ಶಿಯಲ್ 2.7 ಮೇಲೆ, ಎದುರಿಗೆ ಸಿಕ್ಕಿದ್ದನ್ನ ಆಕ್ಸಿಡೈಸ್ ಮಾಡುತ್ತೆ, ಆದ್ರೆ ಬದುಕೋದು ತುಂಬಾ ಕಮ್ಮಿ ಹೊತ್ತು, ಹಾಗಾಗಿ ಆಟ ಎಲ್ಲಾ ಮೇಲ್ಮೈ ಪಕ್ಕದಲ್ಲೇ. ಸಲ್ಫ್ಯೂರಿಕ್ ಆಸಿಡ್ ತಗೊಂಡ್ರೆ ಮೂರನೇ ತಲೆನೋವೂ ಇದೆ, ಬಿಡಿಡಿ ಮೇಲೆ ಸಲ್ಫೇಟೇ ಪರ್ಸಲ್ಫೇಟ್ ಆಗಿಬಿಡುತ್ತೆ, ಅದೂ ಬೇರೆಯವನ್ನ ಆಕ್ಸಿಡೈಸ್ ಮಾಡೋದೇ, ಆಮೇಲೆ ಯಾರು ಯಾರನ್ನ ಆಕ್ಸಿಡೈಸ್ ಮಾಡಿದ್ರು ಅನ್ನೋ ಪಂಚಾಯ್ತಿ. ಅದಕ್ಕೇ ದಾರಿಗಳನ್ನ ಬೇರ್ಪಡಿಸಿ ನೋಡ್ಬೇಕಂದ್ರೆ ಪರ್ಕ್ಲೋರಿಕ್ ಆಸಿಡ್ ವಾಸಿ.

ಪಿಯುಸಿ ಲ್ಯಾಬ್‌ನಲ್ಲಿ ಪರ್ಮ್ಯಾಂಗನೇಟ್ ಹನಿಸಿ ಆಕ್ಸಾಲಿಕ್ ಆಸಿಡ್ ಟೈಟ್ರೇಶನ್ ಮಾಡ್ದಾಗ ಕೊನೇ ಹನೀಗೆ ನಿಲ್ಲೋ ಗುಲಾಬಿ ಬಣ್ಣ ನೆನಪಿದ್ಯಲ್ಲ, ಇಲ್ಲಿ ಅದೇ ಬಣ್ಣ ಅನೋಡ್ (ಪಾಸಿಟಿವ್ ಎಲೆಕ್ಟ್ರೋಡ್, ಇಲ್ಲಿ ನಮ್ಮ ಡೈಮಂಡ್) ಸುತ್ತ ಹಬ್ಬುತ್ತೆ. ಬಣ್ಣ ನೋಡಿ ಖುಷಿಪಡೋ ಮುಂಚೆ ಸ್ಪೆಕ್ಟ್ರಮ್ ತೆಗೀರಿ (ದ್ರಾವಣ ಯಾವ ಬೆಳಕು ಹೀರುತ್ತೆ ಅಂತ ನೋಡಿ), ಮ್ಯಾಂಗನೀಸ್ ತ್ರೀ ಪ್ಲಸ್ಸೂ ಗಟ್ಟಿ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕೆಂಪಗೆ ಕಾಣುತ್ತೆ. 525, 545 ನ್ಯಾನೋಮೀಟರ್‌ನಲ್ಲಿ ಜೋಡಿ ಪೀಕ್ ಬಂದ್ರೆ ಪರ್ಮ್ಯಾಂಗನೇಟ್.

ಲೆಕ್ಕ ಸಣ್ಣದು: ಟೂ ಪ್ಲಸ್ ಪರ್ಮ್ಯಾಂಗನೇಟ್ ಆಗೋಕೆ ಒಂದು ಅಯಾನ್‌ಗೆ 5 ಎಲೆಕ್ಟ್ರಾನ್, ಒಂದು ಮಿಲಿಮೋಲ್‌ಗೆ ಸುಮಾರು 482 ಕೂಲಂಬ್, 100 ಮಿಲಿಆಂಪಿಯರ್ ಹಾಯಿಸಿದ್ರೆ ಒಂದು ಎಲೆಕ್ಟ್ರಾನೂ ಪೋಲಾಗದಿದ್ರೂ 80 ನಿಮಿಷ. ನಿಜವಾಗಿ ಜಾಸ್ತಿನೇ ಹಿಡಿಯುತ್ತೆ.

ಎಲ್ಲಕ್ಕಿಂತ ಹೆಚ್ಚು ಎಡವೋದು ಇಲ್ಲಿ: ಬೇಗ ಆಗ್ಲಿ ಅಂತ ಮ್ಯಾಂಗನೀಸ್ ಉಪ್ಪು ಜಾಸ್ತಿ ಸುರಿದ್ರೆ ಆಗ ತಾನೇ ಹುಟ್ಟಿದ ಪರ್ಮ್ಯಾಂಗನೇಟು, ಉಳಿದಿರೋ ಟೂ ಪ್ಲಸ್ಸು ಸೇರ್ಕೊಂಡು ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಕೂರ್ತವೆ, ದ್ರಾವಣ ಕಲಕಿದ ಕಾಫಿ ಗಷ್ಟದ ಥರ ಆಗುತ್ತೆ. ಆಸಿಡ್ ಕಮ್ಮಿ ಆದ್ರೂ ಇದೇ ಕಥೆ, ತ್ರೀ ಪ್ಲಸ್ ತಾನೇ ಒಡೆದು ಒಂದರ್ಧ ಟೂ ಪ್ಲಸ್, ಒಂದರ್ಧ ಡೈಆಕ್ಸೈಡ್.

ಆದ್ರೆ ಕುಡಿಯೋ ನೀರಲ್ಲಿ ಮ್ಯಾಂಗನೀಸ್ ಅಳೆಯೋರಿಗೆ ಆ ಕಂದು ಪದರಾನೇ ಬೇಕು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಅಷ್ಟು ಸಣ್ಣ ಪ್ರಮಾಣ ಎಲೆಕ್ಟ್ರೋಡ್‌ನಲ್ಲಿ ನೇರ ಅಳೆಯೋದು ಕಷ್ಟ, ಅದಕ್ಕೆ ಸ್ವಲ್ಪ ಹೊತ್ತು ಪಾಸಿಟಿವ್ ವೋಲ್ಟೇಜ್ ಕೊಟ್ಟು ಡೈಆಕ್ಸೈಡನ್ನ ಡೈಮಂಡ್ ಮೇಲೆ ಕೂಡಿಸಿಟ್ಟು, ಆಮೇಲೆ ವೋಲ್ಟೇಜನ್ನ ನೆಗೆಟಿವ್ ಕಡೆ ಒಂದೇ ಸಮನೆ ಇಳಿಸ್ತಾ ಹೋಗಿ ಅದನ್ನ ಕಿತ್ತಾಗ ಬರೋ ಕರೆಂಟ್ ಪೀಕ್ ಓದ್ತಾರೆ. ಡೈಮಂಡ್‌ನ ಹಿನ್ನೆಲೆ ಕರೆಂಟ್ ತೀರಾ ಕಮ್ಮಿ, ಪುಟ್ಟ ಪೀಕೂ ಎದ್ದು ಕಾಣುತ್ತೆ.