ಲಾಟರಿಯ ಗಣಿತವೂ ಅದರ ಕಾವಲೂ

49 ಸಂಖ್ಯೆಗಳಲ್ಲಿ ಆರನ್ನು ಆರಿಸಿಕೊಳ್ಳುವ ಲಾಟರಿಯಲ್ಲಿ ಎಷ್ಟು ಬಗೆಯ ಟಿಕೆಟುಗಳು ಸಾಧ್ಯ ಎಂಬುದು ಪಿಯುಸಿ ಮಟ್ಟದ ಲೆಕ್ಕ. ಮೊದಲ ಸಂಖ್ಯೆಗೆ 49 ಆಯ್ಕೆಗಳು, ಎರಡನೆಯದಕ್ಕೆ 48, ಹೀಗೆ 44ರವರೆಗೆ ಗುಣಿಸುತ್ತ ಹೋಗಿ, ಯಾವ ಸಂಖ್ಯೆ ಮೊದಲು ಬಂತೆಂಬುದು ಇಲ್ಲಿ ಮುಖ್ಯವಲ್ಲವಾದ್ದರಿಂದ ಗುಣಲಬ್ಧವನ್ನು 720ರಿಂದ ಭಾಗಿಸಿದರೆ 1,39,83,816 ಎಂಬ ಉತ್ತರ ಸಿಗುತ್ತದೆ. 1994ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಲಾಟರಿ ಎರಡು ದಶಕಗಳ ಕಾಲ ಈ ಲೆಕ್ಕದ ಮೇಲೆಯೇ ನಡೆಯಿತು. 2015ರ ಅಕ್ಟೋಬರಿನಲ್ಲಿ ಚೆಂಡುಗಳನ್ನು 49ರಿಂದ 59ಕ್ಕೆ ಏರಿಸಲಾಯಿತು. ಹೆಚ್ಚಿದ್ದು ಹತ್ತೇ ಚೆಂಡುಗಳಾದರೂ ಸಾಧ್ಯತೆಗಳ ಸಂಖ್ಯೆ 4,50,57,474ಕ್ಕೆ, ಅಂದರೆ ಮೂರು ಪಟ್ಟಿಗೂ ಮೇಲಕ್ಕೆ ಏರಿತು.

ಅದೇ ತಿಂಗಳಲ್ಲಿ ಅಮೆರಿಕದ ಪವರ್‌ಬಾಲ್ ಲಾಟರಿಯೂ ತನ್ನ ನಿಯಮ ಬದಲಿಸಿತು. ಮೊದಲ ಬಹುಮಾನ ಸಿಗುವ ಸಂಭವನೀಯತೆ ಸುಮಾರು 17.5 ಕೋಟಿಗೆ ಒಂದು ಇದ್ದದ್ದು 29.2 ಕೋಟಿಗೆ ಒಂದಾಯಿತು. ಆದರೆ ಯಾವುದಾದರೂ ಒಂದು ಬಹುಮಾನ, ಅದು ನಾಲ್ಕು ಡಾಲರಿನದಾದರೂ ಸರಿ, ಸಿಗುವ ಸಂಭವನೀಯತೆ ಸುಮಾರು 32ಕ್ಕೆ ಒಂದರಿಂದ 25ಕ್ಕೆ ಒಂದಕ್ಕೆ ಸುಧಾರಿಸಿತು. ಈ ಎರಡು ಬದಲಾವಣೆಗಳನ್ನು ಒಟ್ಟಿಗೆ ನೋಡಿದಾಗಲೇ ಅವುಗಳ ಉದ್ದೇಶ ತಿಳಿಯುತ್ತದೆ. ಯಾರಿಗೂ ಸಿಗದ ಮೊದಲ ಬಹುಮಾನ ಮುಂದಿನ ಡ್ರಾಕ್ಕೆ ಸೇರಿ ಬೆಳೆಯುತ್ತದೆ. ಮೊತ್ತ ಬೆಳೆದಷ್ಟೂ ಟಿಕೆಟು ಕೊಳ್ಳುವವರು ಹೆಚ್ಚುತ್ತಾರೆ. ಸಣ್ಣ ಬಹುಮಾನಗಳು ಆಗಾಗ ಸಿಗುತ್ತಿದ್ದರೆ ಅವರ ಆಸೆ ಬತ್ತುವುದಿಲ್ಲ. ಮೂರೇ ತಿಂಗಳಲ್ಲಿ, 2016ರ ಜನವರಿಯಲ್ಲಿ, ಬಹುಮಾನ 158 ಕೋಟಿ ಡಾಲರುಗಳನ್ನು ದಾಟಿತು. ಅದೃಷ್ಟವೆಂದು ನಾವು ಕರೆಯುವುದರ ಅಳತೆಯನ್ನು ಲಾಟರಿ ನಡೆಸುವವರೇ ಗೊತ್ತುಮಾಡುತ್ತಾರೆ ಎಂಬುದನ್ನು ಟಿಕೆಟು ಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಘೋಷಿತ ಮೊತ್ತವನ್ನೂ ಎಚ್ಚರದಿಂದ ಓದಬೇಕು. 2022ರ ನವೆಂಬರಿನಲ್ಲಿ ಒಂದೇ ಟಿಕೆಟಿಗೆ ಬಂದ 204 ಕೋಟಿ ಡಾಲರುಗಳ ಪವರ್‌ಬಾಲ್ ಬಹುಮಾನವು 29 ವರ್ಷಗಳಲ್ಲಿ 30 ಕಂತುಗಳಾಗಿ ಪಡೆದರೆ ಸಿಗುವ ಒಟ್ಟು ಹಣವಾಗಿತ್ತು. ಒಂದೇ ಸಲಕ್ಕೆ ಪಡೆಯುವುದಾದರೆ ತೆರಿಗೆಗೆ ಮೊದಲೇ ಅದು ಸುಮಾರು 99.8 ಕೋಟಿಗೆ ಇಳಿಯುತ್ತಿತ್ತು.

ಈ ಲೆಕ್ಕಗಳೆಲ್ಲ ಡ್ರಾ ಪ್ರಾಮಾಣಿಕವಾಗಿದ್ದರೆ ಮಾತ್ರ ನಿಜ. 1980ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೂರಂಕಿಯ ಲಾಟರಿಯಲ್ಲಿ 4 ಮತ್ತು 6ನ್ನು ಬಿಟ್ಟು ಉಳಿದ ಚೆಂಡುಗಳೊಳಗೆ ಬಣ್ಣ ತುಂಬಿ ಭಾರವಾಗಿಸಿ, ಆ ಎರಡು ಅಂಕಿಗಳೇ ಬರುವಂತೆ ಮಾಡಲಾಗಿತ್ತು; ಬಂದ ಸಂಖ್ಯೆ 666. ಅದಕ್ಕಿಂತ ಆತಂಕಕಾರಿಯಾದುದು ಎಡ್ಡಿ ಟಿಪ್ಟನ್ ಪ್ರಕರಣ. ಅಮೆರಿಕದ ಹಲವು ರಾಜ್ಯಗಳ ಲಾಟರಿಗಳನ್ನು ನಡೆಸುವ ಸಂಘಟನೆಯಲ್ಲಿ ಮಾಹಿತಿ ಭದ್ರತೆಯ ಹೊಣೆ ಹೊತ್ತಿದ್ದ ಈತನೇ, ವರ್ಷದ ಕೆಲವು ನಿರ್ದಿಷ್ಟ ದಿನಗಳಂದು ಮಾತ್ರ ಸಂಖ್ಯೆಗಳನ್ನು ಮೊದಲೇ ಊಹಿಸಲು ಸಾಧ್ಯವಾಗುವಂಥ ಸಂಕೇತವನ್ನು (ಕೋಡ್) ಯಾದೃಚ್ಛಿಕ, ಅಂದರೆ ಮೊದಲೇ ಊಹಿಸಲಾಗದ, ಸಂಖ್ಯೆಗಳನ್ನು ಹುಟ್ಟಿಸುವ ತಂತ್ರಾಂಶದೊಳಗೆ ಅಡಗಿಸಿಟ್ಟಿದ್ದ. 2010ರ ಡಿಸೆಂಬರ್ 29ರ ಡ್ರಾದಲ್ಲಿ ಅಯೋವಾದಲ್ಲಿ ಈತ ಕೊಂಡ ಟಿಕೆಟಿಗೇ ಮೊದಲ ಬಹುಮಾನ ಬಂದಿತ್ತು. 2017ರಲ್ಲಿ ಈತನಿಗೆ 25 ವರ್ಷಗಳವರೆಗಿನ ಸೆರೆವಾಸದ ಶಿಕ್ಷೆಯಾಯಿತು. ಕಣ್ಣೆದುರು ಉರುಳುವ ಚೆಂಡನ್ನು ತೂಗಿ ನೋಡಬಹುದು. ತಂತ್ರಾಂಶವನ್ನಾದರೋ ಅದನ್ನು ಬರೆದವರ ಹಿಡಿತದಿಂದ ಹೊರಗಿರುವ ಪರಿಣತರು ಮತ್ತೆ ಮತ್ತೆ ಪರೀಕ್ಷಿಸದೆ ನಂಬಲಾಗದು.

ಭಾರತದ ಕಾನೂನು ಬೇರೆ ದಾರಿ ಹಿಡಿದಿದೆ. ಸರ್ಕಾರಗಳು ನಡೆಸುವ ಲಾಟರಿ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ. ಬಾಜಿ ಮತ್ತು ಜೂಜು ರಾಜ್ಯ ಪಟ್ಟಿಯಲ್ಲಿವೆ. 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಟಿಕೆಟನ್ನು ರಾಜ್ಯ ಸರ್ಕಾರವೇ ತನ್ನ ಲಾಂಛನದೊಡನೆ ಮುದ್ರಿಸಬೇಕು, ಡ್ರಾವನ್ನು ತಾನೇ ತನ್ನ ಗಡಿಯೊಳಗೆ ನಡೆಸಬೇಕು, ಒಂದಂಕಿಯ ಮೇಲೆ, ಅಂದರೆ ಒಂದೇ ಒಂದು ಅಂಕಿ ಹೊಂದಿದ ಮಾತ್ರಕ್ಕೆ, ಬಹುಮಾನ ಕೊಡಬಾರದು. ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಬಾರದು. 1967ರಲ್ಲಿ ಲಾಟರಿ ಇಲಾಖೆಯನ್ನೇ ತೆರೆದ ಕೇರಳವು ಈ ಕೊನೆಯ ನಿಯಮವನ್ನು ಮೀರದೆ, ಬೇರೆ ಬೇರೆ ಹೆಸರಿನ ವಾರದ ಲಾಟರಿಗಳ ಮೂಲಕ ಪ್ರತಿದಿನವೂ ಡ್ರಾ ನಡೆಸುತ್ತದೆ. ಕಾನೂನಿನ ಅಕ್ಷರಕ್ಕೆ ಇದು ಸರಿಯಾದರೂ, ಡ್ರಾಗಳ ನಡುವೆ ಬಿಡುವು ಕೊಟ್ಟು ಚಟವನ್ನು ತಡೆಯುವ ಕೆಲಸ ಇದರಿಂದ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಒಂದಂಕಿ ಲಾಟರಿಯ ಚಟ ಬಡ ಕುಟುಂಬಗಳ ದಿನಗೂಲಿಯನ್ನು ನುಂಗಿದ ಕಹಿ ಅನುಭವದ ನಂತರ, 2007ರಲ್ಲಿ ಎಲ್ಲ ಲಾಟರಿಗಳನ್ನೂ ನಿಷೇಧಿಸಲಾಯಿತು. ಆದರೂ ಗಡಿ ದಾಟಿ ಟಿಕೆಟು ಕೊಳ್ಳುವವರು ಇದ್ದೇ ಇದ್ದಾರೆ. 2024ರಲ್ಲಿ ಕೇರಳದ ಓಣಂ ಬಂಪರಿನ 25 ಕೋಟಿ ರೂಪಾಯಿಗಳ ಮೊದಲ ಬಹುಮಾನ ಬಂದದ್ದು ಕನ್ನಡ ನಾಡಿನವರೊಬ್ಬರಿಗೆ. 1998ರ ಕಾಯ್ದೆಯು ಹೊರರಾಜ್ಯಗಳ ಟಿಕೆಟು ಮಾರಾಟವನ್ನು ತಡೆಯುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆಯಾದರೂ, ಲಾಟರಿಯನ್ನು ಪೂರ್ತಿಯಾಗಿ ಕೈಬಿಟ್ಟ ರಾಜ್ಯ ಮಾತ್ರ ಅದನ್ನು ಬಳಸಬಹುದೆಂದು ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪಿತ್ತಿತು. ಹೀಗಾಗಿ ವರಮಾನದ ಆಸೆಗೆ ಕರ್ನಾಟಕ ಸರ್ಕಾರ ತನ್ನದೇ ಒಂದು ಲಾಟರಿಯನ್ನು ಮತ್ತೆ ಆರಂಭಿಸಿದರೆ, ಉಳಿದ ರಾಜ್ಯಗಳ ಟಿಕೆಟುಗಳು ಇಲ್ಲಿ ಮಾರಾಟವಾಗುವುದನ್ನು ನಿಷೇಧಿಸುವ ಹಕ್ಕೂ ಅದರ ಕೈತಪ್ಪುತ್ತದೆ.