ಜಾನೆಟ್ ಯೆಲೆನ್ ಗಂಡನ ನೊಬೆಲ್‌ನಿಂದ ಮೇಲೆ ಬಂದ್ರಾ? ಮೊದ್ಲು ಇಸವಿ ನೋಡ್ರಪ್ಪ

ಪ್ರಶ್ನೆ: ಮೇಡಂ, ಜಾನೆಟ್ ಯೆಲೆನ್ ಅವರ ಗಂಡನಿಗೆ ನೊಬೆಲ್ ಬಂದಿತ್ತಂತಲ್ಲ, ಅದರ ಮೇಲೇ ಆಯಮ್ಮಂಗೆ ಅಮೆರಿಕದ ಫೆಡ್ (ಅಂದ್ರೆ ಅಲ್ಲಿನ ಕೇಂದ್ರ ಬ್ಯಾಂಕ್, ನಮ್ಮ ರಿಸರ್ವ್ ಬ್ಯಾಂಕ್ ಥರ) ಪೋಸ್ಟ್ ಸಿಕ್ಕಿದ್ದಂತೆ, ಹೌದಾ?

ಮತ್ತೆ ಬಂತು ನೋಡ್ರಿ. ಕೆಎಎಸ್ ಓದೋರು ಕೇಳ್ತಾರೆ, ಬ್ಯಾಂಕ್ ಪರೀಕ್ಷೆಗೆ ಕೂತೋರು ಕೇಳ್ತಾರೆ, ಮೊನ್ನೆ ವಿದ್ಯಾನಗರದಲ್ಲಿ ರೂಮ್ ಮಾಡ್ಕೊಂಡು ಪಿಡಿಒಗೆ ಓದ್ತಿರೋ ಹುಡುಗೀನೂ ಕೇಳಿದ್ಲು, ಅದೂ ಹುಡುಗಿ! ಯಾರೋ ಒಬ್ರು ನೋಟ್ಸಲ್ಲಿ ಬರೆದಿದ್ದು ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ಚಿತ್ರದುರ್ಗದಿಂದ ಹರಿಹರದ ತನಕ ಓಡಾಡ್ತಾ ಐತೆ. ಇನ್ಮೇಲೆ ಕೇಳಿದೋರಿಗೆಲ್ಲ ಇದನ್ನೇ ಕಳಿಸ್ತೀನಿ, ಬಾಯಿ ನೋಯ್ತಾ ಐತೆ ನಂಗೆ.

ಉತ್ತರ: ಇಲ್ಲ.

ಈಗ ಪೆನ್ನು ತಗೊಳ್ರಿ. ಗಂಡ ಜಾರ್ಜ್ ಅಕರ್ಲಾಫ್‌ಗೆ ನೊಬೆಲ್ ಬಂದಿದ್ದು 2001ರಲ್ಲಿ. ಯಾವ ಕೆಲಸಕ್ಕೆ ಬಂತು? ಸೆಕೆಂಡ್ ಹ್ಯಾಂಡ್ ಕಾರ್ ಮಾರೋನಿಗೆ ಗೊತ್ತಿರೋದು ಕೊಳ್ಳೋನಿಗೆ ಗೊತ್ತಿರಲ್ಲ, ಅದರಿಂದ ಮಾರ್ಕೆಟ್ಟೇ ಹೆಂಗೆ ಕೆಡುತ್ತೆ ಅಂತ 1970ರಲ್ಲಿ ಬರೆದ ಪೇಪರ್‌ಗೆ. ಇವರಿಬ್ರೂ ಭೇಟಿ ಆಗಿದ್ದೇ 1977ರಲ್ಲಿ, ಫೆಡ್ ಕ್ಯಾಂಟೀನಲ್ಲಿ. ಅಲ್ಲಿಗೆ ಯೆಲೆನ್ ಯಾರದೋ ಹೆಂಡ್ತಿ ಆಗಿ ಊಟಕ್ಕೆ ಹೋಗಿರ್ಲಿಲ್ಲ ಕಣ್ರಪ್ಪ, ಎಕನಾಮಿಸ್ಟ್ ಆಗಿ ಕೆಲಸಕ್ಕಿದ್ರು. ಅಷ್ಟೊತ್ತಿಗೆ ಯೇಲ್‌ನಲ್ಲಿ 1971ಕ್ಕೆ ಪಿಎಚ್‌ಡಿ ಮುಗಿಸಿ, ಹಾರ್ವರ್ಡ್‌ನಲ್ಲಿ ಪಾಠಾನೂ ಮಾಡಿ ಬಂದಿದ್ರು. ಮದುವೆ ಆಗಿದ್ದು 1978ರಲ್ಲಿ.

ಮುಂದೆ ಕೇಳ್ರಿ. ಅಧ್ಯಕ್ಷ ಕ್ಲಿಂಟನ್ ಯೆಲೆನ್‌ರನ್ನ ಫೆಡ್ ಬೋರ್ಡಿಗೆ ಗವರ್ನರ್ ಮಾಡಿದ್ದು 1994. ಅಧ್ಯಕ್ಷರ ಆರ್ಥಿಕ ಸಲಹಾ ಮಂಡಳಿಗೆ ಮುಖ್ಯಸ್ಥೆ ಆಗಿದ್ದು 1997ರಿಂದ 1999. ಎರಡೂ ನೊಬೆಲ್‌ಗಿಂತ ಮುಂಚೆ! 2001ರಲ್ಲಿ ಬರೋ ಪ್ರಶಸ್ತಿ 1994ರಲ್ಲಿ ಪೋಸ್ಟ್ ಕೊಡ್ಸೋಕೆ ಆಗುತ್ತಾ? ಈ ಇಸವಿಗಳನ್ನ ಬೋರ್ಡ್ ಮೇಲೆ ಬರೆದು ತೋರ್ಸಿದ್ರೂ ಹಿಂದಿನ ಬೆಂಚಿಂದ ಒಬ್ಬ "ಆದ್ರೂ ಗಂಡನ ಹೆಸರು ಇತ್ತಲ್ಲ ಮೇಡಂ" ಅಂತಾನೆ. ಹೆಸರು ಇತ್ತಪ್ಪ, ಇವರದ್ದೂ ಇತ್ತು. ಯೇಲ್‌ನಲ್ಲಿ ಇವರ ಗೈಡ್ ಜೇಮ್ಸ್ ಟೋಬಿನ್, ಅವರಿಗೂ 1981ರಲ್ಲಿ ನೊಬೆಲ್ ಬಂತು. ಟೋಬಿನ್ ಕ್ಲಾಸಲ್ಲಿ ಯೆಲೆನ್ ಬರ್ಕೊಂಡ ನೋಟ್ಸು ಎಷ್ಟು ಚೆನ್ನಾಗಿತ್ತಂದ್ರೆ ಮುಂದೆ ಬಂದ ಸ್ಟೂಡೆಂಟ್ಸು ಅದನ್ನೇ ಟೆಕ್ಸ್ಟ್‌ಬುಕ್ ಥರ ಇಟ್ಕೊಂಡು ಓದ್ತಿದ್ರು. ನಿಮ್ಮ ಜೆರಾಕ್ಸ್ ನೋಟ್ಸ್ ಥರ ಅಲ್ಲ ಅದು, ಸರಿ ಇತ್ತು.

ಉಲ್ಟಾ ಕಥೆ ಯಾರೂ ಕೇಳಲ್ಲ ನೋಡ್ರಿ. 2010ರಲ್ಲಿ ಯೆಲೆನ್ ಫೆಡ್ ವೈಸ್ ಚೇರ್ ಆಗಿ ಕ್ಯಾಲಿಫೋರ್ನಿಯಾ ಬಿಟ್ಟು ವಾಷಿಂಗ್ಟನ್‌ಗೆ ಬಂದಾಗ, ನೊಬೆಲ್ ತಗೊಂಡ ಗಂಡಾನೂ ಜೊತೆಗೇ ಬಂದು ಅದೇ ಊರಿನ ಐಎಂಎಫ್‌ನಲ್ಲಿ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಕೂತ್ರು. ಹೆಂಡ್ತಿ ಕೆಲಸದ ಹಿಂದೆ ಗಂಡ ಊರು ಬಿಟ್ಟಿದ್ದು ಅದು. ಆವಾಗ ಯಾಕ್ರಿ ಯಾರೂ ನೋಟ್ಸ್ ಬರೀಲಿಲ್ಲ?

ಇಬ್ರೂ ಸೇರ್ಕೊಂಡು ಮಾಡಿದ ಕೆಲಸ ಐತೆ, ಅದನ್ನ ಓದ್ರಿ ಬೇಕಾದ್ರೆ, ಪರೀಕ್ಷೆಗೂ ಬರುತ್ತೆ. ಮಗ ರಾಬರ್ಟ್ ಹುಟ್ಟಿದ ಮೇಲೆ ಮಗು ನೋಡ್ಕೊಳ್ಳೋಕೆ ಒಬ್ರು ಬೇಕಾಯ್ತು. ಊರಲ್ಲಿ ನಡೀತಿದ್ದ ರೇಟಿಗಿಂತ ಜಾಸ್ತಿನೇ ಕೊಡೋಣ ಅಂತ ಇಬ್ರೂ ತೀರ್ಮಾನ ಮಾಡಿದ್ರು, ಖುಷಿಯಾಗಿರೋರು ಮಗೂನ ಚೆನ್ನಾಗಿ ನೋಡ್ಕೊತಾರೆ ಅನ್ನೋ ಲೆಕ್ಕ. ಆಮೇಲೆ ಅದೇ ವಿಚಾರದ ಮೇಲೆ ಪೇಪರ್‌ಗಳನ್ನೇ ಬರೆದ್ರು. ನಮ್ಮೂರಲ್ಲಿ ಬೆಣ್ಣೆ ದೋಸೆ ಹೋಟ್ಲು ಇಟ್ಟೋರಿಗೆ ಇದು ಥಿಯರಿ ಓದ್ದೇನೇ ಗೊತ್ತು: ಕಾವಲಿ ಮುಂದೆ ನಿಲ್ಲೋ ಭಟ್ಟಂಗೆ ಪಕ್ಕದ ಹೋಟ್ಲಿಗಿಂತ ನಾಕು ಕಾಸು ಜಾಸ್ತಿ ಕೊಟ್ರೆ ಅವ್ನು ಬಿಟ್ಟೋಗಲ್ಲ, ದೋಸೆನೂ ಸೀಯ್ಸಲ್ಲ. ಹೊರಗೆ ನೂರು ಜನ ಕೆಲಸ ಇಲ್ದೆ ನಿಂತಿದ್ರೂ ಮಾಲೀಕ ಸಂಬಳ ಇಳ್ಸಲ್ಲ. ನಿರುದ್ಯೋಗ ಇದ್ರೂ ಕೂಲಿ ಯಾಕೆ ಬೀಳಲ್ಲ ಅನ್ನೋದಕ್ಕೆ ಅದೊಂದು ಉತ್ತರ.

ಇದು ಬರೀ ಪೇಪರಲ್ಲಿ ಉಳೀಲಿಲ್ಲ. 1996ರಲ್ಲಿ ಫೆಡ್ ಮೀಟಿಂಗಲ್ಲಿ ಚೇರ್ಮನ್ ಗ್ರೀನ್‌ಸ್ಪ್ಯಾನ್ ಬೆಲೆ ಏರಿಕೆ ಸೊನ್ನೆ ಹತ್ರ ಹೋಗ್ಬೇಕು ಅನ್ನೋ ಕಡೆ ಇದ್ರು, ಆ ಕಾಲಕ್ಕೆ ಅವರ ಎದುರು ಮಾತಾಡೋದಂದ್ರೆ ಸಣ್ಣ ಮಾತಲ್ಲ. ಯೆಲೆನ್ ಮಾತಾಡಿದ್ರು. ಸೊನ್ನೆ ಆದ್ರೆ ಕಂಪನಿಗಳು ಸಂಬಳ ಇಳ್ಸೋಕಾಗದೆ ಜನರನ್ನೇ ತೆಗೀತಾವೆ, ಶೇಕಡಾ 2ರ ಹತ್ರ ಇರ್ಲಿ ಅಂದ್ರು. 2012ರಲ್ಲಿ ಫೆಡ್ ಅಧಿಕೃತವಾಗಿ ಗುರಿ ಅಂತ ಬರ್ಕೊಂಡಿದ್ದೂ ಆ 2ನ್ನೇ.

2014 ಫೆಬ್ರವರಿಯಿಂದ 2018ರ ತನಕ ಫೆಡ್ ಚೇರ್, ಮೊದಲ ಮಹಿಳೆ, ಸೆನೆಟ್‌ನಲ್ಲಿ 56-26 ವೋಟು. 2008ರಿಂದ ಸೊನ್ನೆ ಹತ್ರಾನೇ ಕೂತಿದ್ದ ಬಡ್ಡಿನ 2015 ಡಿಸೆಂಬರಲ್ಲಿ ಮೊದಲ ಸಲ ಏರ್ಸಿದ್ದು ಇವರೇ. ಇವರು ಕುರ್ಚಿ ಹತ್ತಿದಾಗ ಶೇಕಡಾ 6.7ರ ಹತ್ರ ಇದ್ದ ನಿರುದ್ಯೋಗ, ಇವರು ಕುರ್ಚಿ ಬಿಡುವಾಗ 4ರ ಆಸುಪಾಸಿಗೆ ಬಂದಿತ್ತು. ಟ್ರಂಪ್ ಎರಡನೇ ಅವಧಿ ಕೊಡ್ಲಿಲ್ಲ. 2021ರಿಂದ 2025 ಜನವರಿ ತನಕ ಖಜಾನೆ ಕಾರ್ಯದರ್ಶಿ, ಅಂದ್ರೆ ನಮ್ಮ ಲೆಕ್ಕದಲ್ಲಿ ಹಣಕಾಸು ಮಂತ್ರಿ, ಆ ಟೈಮಲ್ಲೇ 2023 ಫೆಬ್ರವರಿಯ ಜಿ-20 ಸಭೆಗೆ ಬೆಂಗಳೂರಿಗೂ ಬಂದಿದ್ರು. ಎಲ್ಲ ಸರಿ ಮಾಡಿದ್ರು ಅಂತೇನಲ್ಲ. 2021ರಲ್ಲಿ ಬೆಲೆ ಏರಿಕೆ ದೊಡ್ಡ ಅಪಾಯ ಅಲ್ಲ ಅಂದಿದ್ರು, 2022 ಜೂನಲ್ಲಿ ಅದು ಶೇಕಡಾ 9.1 ಮುಟ್ತು, ತಾನು ಅಂದಾಜು ಮಾಡಿದ್ದು ತಪ್ಪು ಅಂತ ಅವರೇ ಟಿವಿಲಿ ಒಪ್ಕೊಂಡ್ರು. ಬೈಯೋದಿದ್ರೆ ಅದಕ್ಕೆ ಬೈರಿ, ಗಂಡನ್ನ ಯಾಕೆ ಎಳೀತೀರಿ.

ಇನ್ನೊಂದು ಗಮನಿಸ್ರಿ, ಆಪ್ಷನಲ್ಲಿ ಇಲ್ಲೇ ಕಾಲು ಎಳೆಯೋದು. ಸಲಹಾ ಮಂಡಳಿ, ಫೆಡ್, ಖಜಾನೆ ಮೂರನ್ನೂ ನಡೆಸಿದ "ಮೊದಲ ಮಹಿಳೆ" ಅಂತ ಬರೆದು ಬರ್ತೀರಿ. ಗಂಡಸರಲ್ಲೂ ಅದಕ್ಕಿಂತ ಮುಂಚೆ ಯಾರೂ ಮೂರನ್ನೂ ಮಾಡಿರ್ಲಿಲ್ಲ. ಮೊದಲ ವ್ಯಕ್ತಿ ಅಂತಾನೇ ಟಿಕ್ ಹಾಕ್ರಿ.

ಅಂದಹಾಗೆ ಡಾಲರ್ ನೋಟಿನ ಸಹಿ ವಿಷಯ ಯಾರೂ ಕೇಳ್ಲಿಲ್ಲ, ನಾನೇ ಹೇಳ್ಬಿಡ್ತೀನಿ. ಫೆಡ್ ಚೇರ್ ಆಗಿದ್ದ ನಾಕು ವರ್ಷ ಯೆಲೆನ್ ಸಹಿ ಒಂದು ನೋಟಿನ ಮೇಲೂ ಬರ್ಲಿಲ್ಲ. ಆವಾಗ ಅಲ್ಲಿ ಸಹಿ ಹಾಕ್ತಿದ್ದಿದ್ದು ಖಜಾನೆ ಕಾರ್ಯದರ್ಶಿ, ಜೊತೆಗೆ ಟ್ರೆಷರರ್. ಹಂಗಾಗಿ ಅವರ ಸಹಿಯ ನೋಟು ಹೊರಗೆ ತೋರ್ಸಿದ್ದು 2022 ಡಿಸೆಂಬರಲ್ಲಿ, ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿರೋ ನೋಟು ಅಚ್ಚು ಹಾಕೋ ಪ್ರೆಸ್ಸಲ್ಲಿ, ಪಕ್ಕದಲ್ಲಿ ಟ್ರೆಷರರ್ ಲಿನ್ ಮಲೇರ್ಬಾ ಸಹಿ. ಎರಡೂ ಹೆಂಗಸರ ಸಹಿ ಇರೋ ಮೊದಲ ಅಮೆರಿಕನ್ ನೋಟು ಅದು.

ನಮ್ಮಲ್ಲಿ ಉಲ್ಟಾ, ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ. 1935ರಿಂದ ಇಲ್ಲಿ ತನಕ 26 ಗವರ್ನರ್, ಒಬ್ರೂ ಹೆಂಗಸರಿಲ್ಲ. ಡೆಪ್ಯುಟಿ ಗವರ್ನರ್ ಆಗಿ ಮೊದಲು ಬಂದೋರು ಕೆ.ಜೆ. ಉದೇಶಿ, 2003ರಲ್ಲಿ. ಒಂದ್ ರೂಪಾಯಿ ನೋಟು ಮಾತ್ರ ಬೇರೆ, ಅದು ಭಾರತ ಸರ್ಕಾರದ್ದು, ಸಹಿ ಹಣಕಾಸು ಕಾರ್ಯದರ್ಶಿದು, "ಕೊಡುತ್ತೇನೆ" ಅನ್ನೋ ವಚನಾನೂ ಅದರ ಮೇಲಿರಲ್ಲ. 1994ರಲ್ಲಿ ನಿಲ್ಸಿದ್ದ ಅದನ್ನ 2015ರಲ್ಲಿ ಮತ್ತೆ ಶುರು ಮಾಡಿದ್ರು. ಎರಡು ರೂಪಾಯಿಗೂ ಕಾರ್ಯದರ್ಶಿ ಸಹಿನೇ ಅಂತ ಬರೆದು ಬಂದೋರು ಹೋದ ಬ್ಯಾಚಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದು ಗವರ್ನರ್‌ದು.