ಮಗಳ ವಯಸ್ಸು ತೋರಿಸಲು ಆಧಾರ್ ಕೊಡಲೇಬೇಕೆ?

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಇನ್ನು ಮುಂದೆ ಅವಳು ಇನ್‌ಸ್ಟಾಗ್ರಾಂ ಬಳಸಬೇಕಾದರೆ ಅವಳ ಆಧಾರ್ ಸಂಖ್ಯೆಯನ್ನು ಕಂಪನಿಗೆ ಕೊಡಬೇಕಂತೆ, ಹೌದೇ?

ಇಲ್ಲ, ಕೊಡಬೇಕಾಗಿಲ್ಲ. 2025ರ ನವೆಂಬರ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ನಿಯಮಗಳು ಪ್ರಕಟವಾದಂದಿನಿಂದ ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಒಂದೆರಡು ವಾರ ಕಳೆಯುವಷ್ಟರಲ್ಲಿ ಯಾವುದೋ ವಾಟ್ಸ್ಆ್ಯಪ್ ಗುಂಪಿನಿಂದ ಅದೇ ಮಾತು, ಕೆಂಪು ಅಕ್ಷರಗಳಲ್ಲಿ, ಮತ್ತೆ ಬಂದು ನಿಲ್ಲುತ್ತದೆ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಈ ನಿಯಮಗಳಿಗೆ ಮೂಲವಾದ 2023ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, 18 ತುಂಬದವರ ಮಾಹಿತಿಯನ್ನು ಬಳಸುವ ಮುನ್ನ ಕಂಪನಿಯು ತಂದೆ ಅಥವಾ ತಾಯಿಯಿಂದ, ಪರಿಶೀಲಿಸಬಹುದಾದ ರೀತಿಯಲ್ಲಿ, ಒಪ್ಪಿಗೆ ಪಡೆಯಬೇಕು. ಮಕ್ಕಳ ಚಟುವಟಿಕೆಯ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ಅದೇ ಸೆಕ್ಷನ್ ನಿಷೇಧಿಸುತ್ತದೆ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಪ್ರಕಟವಾದ 18 ತಿಂಗಳ ಬಳಿಕ ಇವು ಜಾರಿಗೆ ಬರಬೇಕೆಂದು ನಿಗದಿಯಾಗಿದೆ. ಇದರಲ್ಲೆಲ್ಲೂ ಮಗುವಿನ ಆಧಾರ್ ಕಡ್ಡಾಯ ಎಂಬ ಮಾತಿಲ್ಲ.

ಗೊಂದಲದ ಬೇರು ಬೇರೆಡೆ ಇದೆ. ವಯಸ್ಸು ತಿಳಿಯುವುದೆಂದರೆ ಹೆಸರು, ವಿಳಾಸ ಸಮೇತ ಆ ವ್ಯಕ್ತಿ ಯಾರೆಂದೇ ತಿಳಿಯುವುದು ಎಂದು ನಾವು ನಂಬಿಬಿಟ್ಟಿದ್ದೇವೆ. ನಮ್ಮ ಅಭ್ಯಾಸವೂ ಹಾಗೆಯೇ ಆಗಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಚಾಲನಾ ಪರವಾನಗಿಯವರೆಗೆ, ಹುಟ್ಟಿದ ದಿನಾಂಕಕ್ಕೆ ದಾಖಲೆಯೆಂದು ಕೊಟ್ಟ ಪ್ರತಿಯೊಂದು ಕಾಗದವೂ ದಿನಾಂಕದ ಜೊತೆ ಇನ್ನೂ ಹತ್ತು ಸಂಗತಿಗಳನ್ನು ಹೊತ್ತಿರುತ್ತದೆ. ಹದಿನೆಂಟು ತುಂಬಿದೆಯೇ ಎಂಬ ಒಂದೇ ಪ್ರಶ್ನೆಗೆ ಅಂಕಪಟ್ಟಿಯ ಜೆರಾಕ್ಸ್ ಕೊಟ್ಟು, ಗಣಿತದಲ್ಲಿ 41 ಬಂದದ್ದನ್ನೂ ಸಿಮ್ ಮಾರುವವನಿಗೆ ತೋರಿಸಿ ಬಂದವರು ನಾವು.

ಚಿತ್ರಮಂದಿರದ ಬಾಗಿಲನ್ನು ನೆನಪಿಸಿಕೊಳ್ಳಿ. ‘ಎ’ ಪ್ರಮಾಣಪತ್ರದ ಚಿತ್ರಕ್ಕೆ ಚಿಗುರು ಮೀಸೆಯ ಹುಡುಗ ಬಂದರೆ ಟಿಕೆಟ್ ಹರಿಯುವವನು ಮುಖ ನೋಡಿ ತಡೆಯುತ್ತಿದ್ದನೇ ಹೊರತು, ಊರು ಕೇರಿ ಕೇಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಹೌದು ಅಥವಾ ಅಲ್ಲ ಎಂಬ ಉತ್ತರ ಮಾತ್ರ. ನಿಯಮಗಳು ಕೇಳುವುದೂ ಹೆಚ್ಚುಕಡಿಮೆ ಅಷ್ಟನ್ನೇ, ಅದೂ ಮಗುವಿನ ಬಗ್ಗೆಯಲ್ಲ, ಒಪ್ಪಿಗೆ ಕೊಡುವವರ ಬಗ್ಗೆ: ಇವರು ವಯಸ್ಕರೇ? ಇದನ್ನು ಖಚಿತಪಡಿಸಿಕೊಳ್ಳಲು ಕಂಪನಿಯು ತನ್ನಲ್ಲಿ ಮೊದಲೇ ಇರುವ ನಂಬಲರ್ಹ ವಿವರವನ್ನು ನೋಡಬಹುದು, ಪಾಲಕರು ತಾವಾಗಿಯೇ ಕೊಟ್ಟ ವಿವರವನ್ನು ಬಳಸಬಹುದು, ಇಲ್ಲವೇ ಡಿಜಿಲಾಕರ್‌ನಂಥ ಅಧಿಕೃತ ವ್ಯವಸ್ಥೆ ನೀಡುವ ವರ್ಚುವಲ್ ಟೋಕನ್ ಸ್ವೀಕರಿಸಬಹುದು. ಟೋಕನ್ ಎಂದರೆ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಬಿಲ್ಲೆ ಇದ್ದ ಹಾಗೆ. ಅದರ ಮೇಲೆ ಸಂಖ್ಯೆಯಿದೆ, ನಿಮ್ಮ ಹೆಸರಿಲ್ಲ, ಆದರೂ ಕೆಲಸ ನಡೆಯುತ್ತದೆ. ಹಾಗೆಂದು ಪಾಲಕರು ಪೂರ್ತಿ ಅನಾಮಧೇಯರಾಗಿ ಉಳಿಯಬಹುದೆಂದು ಯಾರೂ ತಿಳಿಯಬಾರದು; ಕಾನೂನಿನ ಅಗತ್ಯ ಬಿದ್ದಾಗ ಅವರು ಯಾರೆಂದು ಗುರುತಿಸಲು ಸಾಧ್ಯವಿರಬೇಕು ಎಂದು ನಿಯಮ ಹೇಳುತ್ತದೆ.

“ಆಸ್ಟ್ರೇಲಿಯಾದಲ್ಲಿ ಎಲ್ಲರೂ ಗುರುತಿನ ಚೀಟಿ ಕೊಡುತ್ತಿದ್ದಾರಲ್ಲ” ಎಂಬ ಮರುಪ್ರಶ್ನೆ ಬರುವುದೂ ನನಗೆ ಗೊತ್ತು. 2025ರ ಡಿಸೆಂಬರ್ 10ರಿಂದ ಅಲ್ಲಿ 16 ತುಂಬದವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ; ಕಂಪನಿ ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡವಿದೆ, ಮಕ್ಕಳಿಗಾಗಲಿ ಪಾಲಕರಿಗಾಗಲಿ ಇಲ್ಲ. ಆದರೆ ಸರ್ಕಾರಿ ಗುರುತಿನ ಚೀಟಿಯೊಂದೇ ದಾರಿ ಎಂದು ಕಂಪನಿ ಹಟ ಹಿಡಿಯುವಂತಿಲ್ಲ, ಬೇರೆ ದಾರಿಯನ್ನೂ ಕೊಡಬೇಕು ಎಂದು ಅದೇ ಕಾಯ್ದೆಯಲ್ಲಿ ಬರೆದಿದೆ. ಸುದ್ದಿ ಹಂಚುವವರು ಈ ಸಾಲಿನವರೆಗೆ ಓದುವುದಿಲ್ಲ.

ಭಯ ಪೂರ್ತಿ ಆಧಾರರಹಿತವೇನಲ್ಲ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಹರಟೆ ಆ್ಯಪ್‌ನ ಸಂಸ್ಥೆ, ತನಗೆ ಸೇವೆ ಒದಗಿಸುವ ಹೊರಗಿನ ಕಂಪನಿಯೊಂದರ ಮೂಲಕ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಸೋರಿರಬಹುದು ಎಂದು ಹೇಳಿತು; ವಯಸ್ಸಿನ ತಕರಾರು ಇತ್ಯರ್ಥಪಡಿಸಲೆಂದೇ ಅವನ್ನು ಪಡೆಯಲಾಗಿತ್ತು. ಕೂಡಿಟ್ಟದ್ದು ಮಾತ್ರ ಸೋರುತ್ತದೆ, ಆದ್ದರಿಂದಲೇ ಬಿಲ್ಲೆ ಸಾಕಾಗುವಲ್ಲಿ ಚೀಟಿ ಕೊಡಬೇಡಿ ಎನ್ನುತ್ತಿದ್ದೇನೆ. ಮುಖ ನೋಡಿ ವಯಸ್ಸು ಅಂದಾಜಿಸುವ ತಂತ್ರಾಂಶಗಳಿಗೂ ಮಿತಿಯಿದೆ. 2025ರ ಜುಲೈನಲ್ಲಿ ಬ್ರಿಟನ್‌ನಲ್ಲಿ ಪರಿಶೀಲನೆ ಕಡ್ಡಾಯವಾದಾಗ ಕೆಲವರು ವಿಡಿಯೊ ಗೇಮಿನ ಪಾತ್ರವೊಂದರ ಮುಖವನ್ನು ಕ್ಯಾಮೆರಾಗೆ ಹಿಡಿದು ದಾಟಿಕೊಂಡರು.

ನಮ್ಮಲ್ಲಿ ಅಷ್ಟು ಕಷ್ಟವೂ ಬೇಕಿಲ್ಲ. ಈಚೆಗೆ ಪಾಲಕರ ಸಭೆಯೊಂದರಲ್ಲಿ ಈ ಟೋಕನ್ ವಿಷಯವನ್ನು ಅರ್ಧ ಗಂಟೆ ವಿವರಿಸಿ, ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ತಾಯಿಯೊಬ್ಬರು ಎದ್ದು, “ಸರ್, ನನ್ನ ಡಿಜಿಲಾಕರ್ ಮಾಡಿಕೊಟ್ಟದ್ದೇ ನನ್ನ ಮಗ. ಓಟಿಪಿ ಬಂದರೂ ಅವನೇ ನೋಡುವುದು” ಎಂದರು. ಪಕ್ಕದಲ್ಲಿದ್ದ ಎಂಟನೇ ತರಗತಿಯ ಹುಡುಗ ನೆಲ ನೋಡುತ್ತ ಕೂತಿದ್ದ. ತಾಯಿಯ ಫೋನು ಅವನ ಕೈಯಲ್ಲೇ ಇತ್ತು. ಒಪ್ಪಿಗೆ ಕೊಟ್ಟವರು ವಯಸ್ಕರೇ ಎಂದು ನಿಯಮ ಕೇಳುತ್ತದೆ, ಒತ್ತಿದ ಬೆರಳು ಯಾರದು ಎಂದು ಕೇಳುವುದಿಲ್ಲ. ಆಧಾರ್ ಬಗ್ಗೆ ಆತಂಕಪಡುವ ಪಾಲಕರು ಮೊದಲು ಡಿಜಿಲಾಕರ್‌ನ ಪಿನ್ ಬದಲಾಯಿಸಿಕೊಂಡರೆ ಒಳ್ಳೆಯದು.

ಇಷ್ಟಾದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆ. ಇಷ್ಟು ಕಾಲ ಹೆಚ್ಚಿನ ಆ್ಯಪ್‌ಗಳು ಖಾತೆಗೆ ಕನಿಷ್ಠ 13 ವರ್ಷ ಎನ್ನುತ್ತಿದ್ದದ್ದು ಏಕೆ? ಅದನ್ನು ಮನಶ್ಶಾಸ್ತ್ರಜ್ಞರು ಕಂಡುಹಿಡಿದ ಪ್ರಬುದ್ಧತೆಯ ಗಡಿ ಎಂದೇ ಹಲವರು ಭಾವಿಸಿದ್ದಾರೆ. ಹಾಗೇನಿಲ್ಲ. 13 ತುಂಬದ ಮಕ್ಕಳ ಮಾಹಿತಿ ಸಂಗ್ರಹಿಸಲು ಪಾಲಕರ ಒಪ್ಪಿಗೆ ಬೇಕೆಂದು ಅಮೆರಿಕ 1998ರಲ್ಲಿ ಕಾಯ್ದೆ ಮಾಡಿತು. ಒಪ್ಪಿಗೆ ಪಡೆಯುವ ಗೋಜಿಗಿಂತ ಚಿಕ್ಕವರಿಗೆ ಪ್ರವೇಶವಿಲ್ಲ ಎಂದು ಫಲಕ ಹಾಕುವುದೇ ಕಂಪನಿಗಳಿಗೆ ಸುಲಭವಾಯಿತು. ಆಗಿನ್ನೂ ಫೇಸ್‌ಬುಕ್ ಹುಟ್ಟಿರಲಿಲ್ಲ. ನಮ್ಮ 18ರ ಕಥೆಯಂತೂ ಇನ್ನೂ ಹಳೆಯದು: ಪ್ರಾಪ್ತ ವಯಸ್ಸನ್ನು ಹಾಗೆ ನಿಗದಿಪಡಿಸಿದ್ದು 1875ರ ಕಾಯ್ದೆ. ಅದೇ ಗೆರೆಯನ್ನು ಇಂಟರ್‌ನೆಟ್‌ಗೂ ಎಳೆದಿರುವುದರಿಂದ, ದ್ವಿತೀಯ ಪಿಯುಸಿ ಓದುವ 17ರ ಹುಡುಗಿ ಆನ್‌ಲೈನ್ ಪುಸ್ತಕದಂಗಡಿಯಲ್ಲಿ ಖಾತೆ ತೆರೆಯಬೇಕಾದರೂ ಅಮ್ಮನ ಒಪ್ಪಿಗೆ ಬೇಕಾಗುತ್ತದೆ. 14ರ ನಿಮ್ಮ ಮಗಳನ್ನೂ ಅವಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ.